ಬಗ್ಗುವುದು, ಒಗ್ಗುವುದು, ಹದಕ್ಕೆ ಬರುವುದು: ದಾವಣಗೆರೆ ಸೀಮೆಯ ಹತೋಟಿಯ ಮಾತುಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಜಿಲ್ಲೆ ರಚನೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯ ಒಡಲಲ್ಲೇ ಇದ್ದು ಈಚೆಗೆ ಬೇರೆಯಾಯಿತು. ಒಂದು ಕಡೆ ತುಂಗಭದ್ರೆ, ಭದ್ರಾ ನಾಲೆ, ಸೂಳೆಕೆರೆ, ಅಡಿಕೆ ತೋಟ. ಇನ್ನೊಂದು ಕಡೆ ಮಳೆಯನ್ನೇ ನೆಚ್ಚಿದ ಜಗಳೂರಿನ ಹೊಲ. ಯಾವುದು ಕೈಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಲೆಕ್ಕ ಇಲ್ಲಿ ಒಕ್ಕಲುತನದ ದಿನನಿತ್ಯದ ಲೆಕ್ಕ. ಆ ಲೆಕ್ಕವನ್ನು ಜನ ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದೇ ಈ ಲೇಖನದ ವಿಷಯ.

ಮೊದಲು ಕ್ರಿಯಾಪದಗಳು. ಬಗ್ಗು, ಮಣಿ, ಒಗ್ಗು, ಪಳಗು. ಇವೆಲ್ಲ ಅಕರ್ಮಕ. ಬಿದಿರು ಬಗ್ಗುತ್ತದೆ, ಎತ್ತು ನೊಗಕ್ಕೆ ಒಗ್ಗುತ್ತದೆ, ಆನೆ ಪಳಗುತ್ತದೆ. ಕರ್ತೃಸ್ಥಾನದಲ್ಲಿ ಕೂತಿರುವುದು ಆಳಿಸಿಕೊಳ್ಳುವ ವಸ್ತುವೇ. ಆಳುವವನು ಚತುರ್ಥಿ ವಿಭಕ್ತಿಯಲ್ಲಿ ಬದಿಗೆ ನಿಂತಿರುತ್ತಾನೆ: ‘ಅವನ ಮಾತಿಗೆ ಬಗ್ಗಿತು’, ‘ಇದು ನನಗೆ ಬಗ್ಗಲ್ಲ’. ಪ್ರೇರಣಾರ್ಥಕ ‘ಇಸು’ ಸೇರಿದಾಗ (ಬಗ್ಗಿಸು, ಮಣಿಸು, ಪಳಗಿಸು) ಮಾತ್ರ ಮನುಷ್ಯ ಕರ್ತೃವಾಗುತ್ತಾನೆ. ಆಗಲೂ ಮೂಲಧಾತುವಿನ ಒಳಗೆ ವಸ್ತುವಿನ ಒಪ್ಪಿಗೆ ಉಳಿದೇ ಇರುತ್ತದೆ, ಏಕೆಂದರೆ ಪಳಗುವ ಗುಣವಿದ್ದದ್ದನ್ನಷ್ಟೇ ಪಳಗಿಸಬಹುದು. ‘ಪಳಗು’ ಹಳೆಯ ಮಾತು. ತಮಿಳಿನಲ್ಲೂ ಇದರ ಸೋದರ ರೂಪ ರೂಢಿಯಾಗುವ ಅರ್ಥದಲ್ಲಿ ಬಳಕೆಯಲ್ಲಿದೆ. ‘ಪಾಲ್’ ‘ಹಾಲು’ ಆದ ಭಾಷೆಯಲ್ಲಿ ಈ ಪದ ತನ್ನ ಪಕಾರವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ನಾಮಪದಗಳ ಕಥೆ ಬೇರೆ. ಹತೋಟಿ, ತಹಬಂದಿ, ತಾಬೆ, ಲಗಾಮು, ನಿಗಾ: ಬಹುಪಾಲು ಮರಾಠಿ, ಪಾರಸಿ, ಅರಬ್ಬಿಗಳಿಂದ ಬಂದವು. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣವು ಬಿಜಾಪುರದವರ ಕೈಸೇರಿ, 1687ರ ಬಳಿಕ ಮೊಗಲರ ಸಿರಾ ಪ್ರಾಂತ್ಯದ ಏಳು ಪರಗಣೆಗಳಲ್ಲಿ ಒಂದಾಗಿತ್ತು ಎಂಬುದನ್ನು ನೆನೆದರೆ, ಆಡಳಿತದ ಮಾತುಗಳು ಕಚೇರಿಯ ದಾರಿಯಿಂದ ಬಂದದ್ದು ಸಹಜವಾಗಿಯೇ ಕಾಣುತ್ತದೆ. ಇವುಗಳಲ್ಲಿ ‘ಹತೋಟಿ’ಯ ಪಯಣ ಗಮನಾರ್ಹ. ಮರಾಠಿಯ ‘ಹಾತೋಟಿ’ ಎಂದರೆ ಕೈಚಳಕ, ಕುಶಲತೆ. ಕನ್ನಡಕ್ಕೆ ಬಂದು ಅದು ಅಧೀನವನ್ನು ಹೇಳಿತು. ಇಂಗ್ಲಿಷಿನ ‘ಮ್ಯಾನೇಜ್’ ಕೂಡ ಇಂಥದೇ ದಾರಿ ಹಿಡಿದದ್ದು: ಕುದುರೆಯನ್ನು ಕೈಯಿಂದ ನಡೆಸುವ ಇಟಾಲಿಯನ್ ಮಾತಿನಿಂದ, ಅದಕ್ಕೂ ಹಿಂದೆ ಲ್ಯಾಟಿನ್ನಿನ ‘ಕೈ’ಯಿಂದ. ‘ಕಂಟ್ರೋಲ್’ ಹುಟ್ಟಿದ್ದು ಲೆಕ್ಕದ ಪ್ರತಿಸುರುಳಿಯಲ್ಲಿ, ಅಂದರೆ ಒಂದು ಲೆಕ್ಕವನ್ನು ಇನ್ನೊಂದರೊಡನೆ ತಾಳೆ ನೋಡುವ ಪುಸ್ತಕದಲ್ಲಿ. ನಮ್ಮ ‘ಅಂಕೆ’ಯೂ ಎಣಿಕೆಯ ಗುರುತು ಮತ್ತು ಹಿಡಿತ ಎರಡನ್ನೂ ಹೇಳುತ್ತದೆ. ಎರಡು ಅರ್ಥಗಳಿಗೂ ಮೂಲ ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು ಎನ್ನುವವನ ಬಾಯಲ್ಲಿ ಎರಡಕ್ಕೂ ಇರುವುದು ಒಂದೇ ರೂಪ.

ಈ ಸೀಮೆಯ ಸಾಮಗ್ರಿಯಲ್ಲಿ ಅತ್ಯಂತ ಸಮೃದ್ಧವಾದದ್ದು ನೀರಿನ ಮಾತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಹರಿದ್ರಾವತಿಯನ್ನು ತಡೆದ ಕೆರೆ. ಅದರ ನೀರು ಸಿದ್ಧನಾಲೆ, ಬಸವನಾಲೆಗಳಲ್ಲಿ ಗದ್ದೆಗಳಿಗೆ ಹರಿಯುತ್ತದೆ. ಯಾವುದೇ ಕೆರೆಯ ಏರಿಯ ಮೇಲೆ ನಿಂತು ಮಾತು ಕೇಳಿದರೂ ಒಂದು ವ್ಯಾಕರಣಭೇದ ಸ್ಪಷ್ಟವಾಗುತ್ತದೆ. ತೂಬನ್ನು ‘ಎತ್ತುತ್ತಾರೆ’, ‘ಇಳಿಸುತ್ತಾರೆ’. ಅಲ್ಲಿ ಎತ್ತುವ ನೀರಗಂಟಿಯಿದ್ದಾನೆ, ಅವನಿಗೊಂದು ಹೊತ್ತಿದೆ, ತಪ್ಪಿದರೆ ಕೇಳುವವರಿದ್ದಾರೆ. ಕೋಡಿ ಮಾತ್ರ ತಾನೇ ‘ಬೀಳುತ್ತದೆ’, ತಾನೇ ‘ಹರಿಯುತ್ತದೆ’. ಕೋಡಿಯನ್ನು ಯಾರೂ ಬೀಳಿಸುವುದಿಲ್ಲ. ಆ ಪ್ರಯೋಗವೇ ಕಿವಿಗೆ ಒಗ್ಗದು. ಒಂದೇ ಕೆರೆ, ಒಂದೇ ನೀರು. ಕೈಗೆ ಬರುವ ಭಾಗಕ್ಕೆ ಸಕರ್ಮಕ, ಕೈಮೀರಿದ ಭಾಗಕ್ಕೆ ಅಕರ್ಮಕ. ಕೆರೆ ಕಟ್ಟಿದವರು ತೂಬಿನಷ್ಟೇ ಕಾಳಜಿಯಿಂದ ಕೋಡಿಗೂ ಜಾಗ ಬಿಟ್ಟರು. ಹತೋಟಿಗೆ ಬಾರದ ನೀರಿಗೂ ದಾರಿಯಿಟ್ಟ ಆ ತಿಳಿವಳಿಕೆ ಮಾತಿನಲ್ಲೂ ಉಳಿದಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದನಗಳ ವಿಷಯದಲ್ಲಿ ವಸ್ತುವಿನ ಹೆಸರೇ ಬದಲಾಗುತ್ತದೆ. ಬೀಜ ಒಡೆಸಿ, ಮೂಗುದಾರ ಹಾಕಿ, ನೊಗಕ್ಕೆ ಒಗ್ಗಿಸಿದ ಮೇಲೆ ಹೋರಿ ‘ಎತ್ತು’ ಆಗುತ್ತದೆ. ಹೊಲದಲ್ಲಿ ಎತ್ತಿನ ದೊಡ್ಡ ಗುಣ ‘ಮಾತು ಕೇಳುವುದು’. ಆದರೆ ಹೊನ್ನಾಳಿ, ನ್ಯಾಮತಿ ಸುತ್ತಿನ ಹೋರಿ ಹಬ್ಬದಲ್ಲಿ ಈ ಮೌಲ್ಯ ತಲೆಕೆಳಗಾಗುತ್ತದೆ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಣ್ಣದ ಅಲಂಕಾರ ಕಟ್ಟಿಸಿಕೊಂಡ ಹೋರಿ ಜನರ ನಡುವಿನ ಓಣಿಯಲ್ಲಿ ನುಗ್ಗುವಾಗ, ಸರಕ್ಕೆ ಕೈಹಾಕಿದ ಹುಡುಗರು ಬರಿಗೈಯಲ್ಲಿ ಹಿಂದೆ ಬಿದ್ದರೆ, ‘ಕೈಗೆ ಸಿಗಲಿಲ್ಲ’ ಎಂಬುದೇ ಅದರ ಬಿರುದು. ಹೊಲದಲ್ಲಿ ಬೈಗುಳವಾದ ಮಾತು ಅಖಾಡದಲ್ಲಿ ಹೊಗಳಿಕೆ.

ಚನ್ನಗಿರಿಯ ಅಡಿಕೆ ಮನೆಗಳಲ್ಲಿ ಮುಖ್ಯ ಪದ ‘ಹದ’. ಹಸಿ ಅಡಿಕೆ ಸುಲಿದು, ಹಂಡೆಯಲ್ಲಿ ಚೊಗರಿನೊಂದಿಗೆ ಬೇಯಿಸುವಾಗ, ಬೆಂದದ್ದನ್ನು ಮೇಲೆತ್ತಿ ನೋಡುವವರು ‘ಹದಕ್ಕೆ ಬಂತು’ ಎನ್ನುತ್ತಾರೆ. ಬರುವುದು ಅಡಿಕೆ, ಮನುಷ್ಯ ಕಾದು ಗುರುತಿಸುವವನು. ಬಿತ್ತನೆಗೆ ಭೂಮಿ ಹದಕ್ಕೆ ಬರುವುದೂ ಹೀಗೆಯೇ.

ಇನ್ನು ಮಳೆ. ಜಗಳೂರಿನ ರೈತನ ಬಾಯಲ್ಲಿ ಮಳೆ ‘ಕೈಹಿಡಿಯುತ್ತದೆ’ ಅಥವಾ ‘ಕೈಕೊಡುತ್ತದೆ’. ಕೈ ಇಲ್ಲಿ ಮನುಷ್ಯನದಲ್ಲ, ಮಳೆಯದು. ಹತೋಟಿಯ ಹಲವು ಮಾತುಗಳಿಗೆ ಆಧಾರವಾದ ಅಂಗವನ್ನೇ ಕನ್ನಡ ಇಲ್ಲಿ ಹತೋಟಿಗೆ ಬಾರದ ವಸ್ತುವಿಗೆ ಒಪ್ಪಿಸಿಬಿಟ್ಟಿದೆ.

ಇವುಗಳ ಎದುರು ಕಚೇರಿ ಕನ್ನಡವನ್ನು ಇಟ್ಟು ನೋಡಬೇಕು. ‘ನಿಯಂತ್ರಣ’, ‘ನಿರ್ವಹಣೆ’ ಒಳ್ಳೆಯ ಪದಗಳೇ. ತೊಡಕಿರುವುದು ಅವು ಕೂರುವ ವಾಕ್ಯದಲ್ಲಿ: ‘ನಾಲೆಯ ನೀರನ್ನು ನಿಯಂತ್ರಿಸಲಾಗಿದೆ.’ ನೀರು ದ್ವಿತೀಯೆಗೆ ಇಳಿಯಿತು, ನಿಯಂತ್ರಿಸಿದವನು ವಾಕ್ಯದಿಂದಲೇ ಮಾಯವಾದ. ಭದ್ರಾ ನಾಲೆಯ ಕೊನೆ ಭಾಗದಲ್ಲಿ ಒಣಗುವ ಪೈರಿನ ಮುಂದೆ ನಿಂತವನಿಗೆ ಈ ವಾಕ್ಯ ಯಾವ ಉತ್ತರವನ್ನೂ ಕೊಡುವುದಿಲ್ಲ. ‘ತೂಬು ಇಳಿಸಿದ್ದು ಯಾರು?’ ಎಂದು ಅವನು ಕೇಳುವ ಪ್ರಶ್ನೆಯಲ್ಲಿ ಕರ್ತೃವಿಗೆ ಸ್ಥಾನವಿದೆ. ‘ನಿಯಂತ್ರಿಸಬಹುದಾದ’, ‘ನಿರ್ವಹಿಸಬಹುದಾದ’ ಎಂಬ ರೂಪಗಳನ್ನು ಪಠ್ಯಪುಸ್ತಕಗಳಿಗೆ ತುಂಬುವ ಮೊದಲು ಬಗ್ಗುವ, ಒಗ್ಗುವ, ಹದಕ್ಕೆ ಬರುವ ಎಂಬವನ್ನು ಒಮ್ಮೆ ಬಳಸಿ ನೋಡಬೇಕೆಂದು ನಿಘಂಟುಕಾರರಲ್ಲಿ ನನ್ನ ಕೋರಿಕೆ.

ಜಗಳೂರಿನಲ್ಲಿ ಈಗ ಇನ್ನೊಂದು ಬದಲಾವಣೆ ಕಣ್ಣೆದುರಿಗೇ ನಡೆದಿದೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನೆತ್ತಿ ಪೈಪಿನಲ್ಲಿ ತರುವ ಯೋಜನೆಯ ಹೆಸರು ‘57 ಕೆರೆ ತುಂಬಿಸುವ ಯೋಜನೆ’. ಮಳೆಗಾಲದಲ್ಲಿ ತಾನೇ ‘ತುಂಬುತ್ತಿದ್ದ’ ಕೆರೆಗೆ ‘ಇಸು’ ಸೇರಿದೆ. ಹೀಗೆ ತುಂಬಿಸಿದ ನೀರು ಅಂಚು ಮುಟ್ಟಿದ ದಿನವೂ ಕೆರೆಯ ಏರಿಯ ಮೇಲೆ ಹೇಳುವ ಮಾತು ಹಳೆಯದೇ: ಕೋಡಿ ಬಿತ್ತು.