ಕನಸಿನ ಕೋವಿ ಯಾವುದು?



ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಆಯುಧಪೂಜೆಯ ಮಾತು ಬಂದದ್ದು ನಿಮಗೆ ನೆನಪಿರಬಹುದು. ಇಲ್ಲಿ ಪುಣೆಯಲ್ಲಿ ಅದಕ್ಕೆ ಖಂಡೇನವಮಿ ಎನ್ನುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಕೋಥ್ರೂಡಿನ ಕೇಳುಗರೊಬ್ಬರು ಫೋನ್ ಮಾಡಿದರು. "ಸಾರ್, ನಮ್ಮ ಮನೆಯಲ್ಲಿ ಈಗ ಪೂಜೆಗೆ ಇಡುವುದು ಸ್ಕೂಟರು, ಮಿಕ್ಸರು, ಕಂಪ್ಯೂಟರು. ದುಡ್ಡು, ಕಾನೂನು ಎರಡೂ ಅಡ್ಡ ಬರುವುದಿಲ್ಲ ಅಂತ ಇಟ್ಟುಕೊಳ್ಳಿ. ಹಳೇ ಕಾಲದ ಒಂದು ಕೋವಿ ನಿಮ್ಮದಾಗುವುದಾದರೆ ಯಾವುದನ್ನು ಆರಿಸುತ್ತೀರಿ?" ಎಂದು ಕೇಳಿದರು.

ತಮಾಷೆಯ ಪ್ರಶ್ನೆಯೇ. ಆದರೆ ಅದು ನನ್ನನ್ನು ಬಿಡಲಿಲ್ಲ. ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಅಜ್ಜನ ಕೇಪಿನ ಕೋವಿ ತೂಗುತ್ತಿತ್ತು. ಗದ್ದೆಗೆ ಹಂದಿ ಬಿದ್ದ ರಾತ್ರಿ ಅದರಿಂದ ಒಂದು ಈಡು ಹಾರಿಸಿದರೆ ಗುಡ್ಡವೆಲ್ಲ ಮಾರ್ದನಿ ಕೊಡುತ್ತಿತ್ತು. ಅದಕ್ಕೆ ಮುಂಚಿನ ಸಿದ್ಧತೆಯೇ ಒಂದು ಶಾಸ್ತ್ರ. ನಳಿಗೆಯ ಬಾಯಿಯಿಂದ ಅಳೆದು ಮಸಿ ಸುರಿಯಬೇಕು. ಮೇಲೆ ತೆಂಗಿನ ನಾರಿನ ಉಂಡೆ ಇಟ್ಟು ಗಜದಿಂದ ಜಡಿಯಬೇಕು. ಆಮೇಲೆ ಚರೆ, ಅದು ಉರುಳದಂತೆ ಮತ್ತೊಂದು ಉಂಡೆ. ಕಡೆಗೆ ಹಿಂದಿನ ಮೊಲೆಯಂಥ ತುದಿಗೆ ಪುಟ್ಟ ತಾಮ್ರದ ಕೇಪು. ಇಷ್ಟೆಲ್ಲ ಆಗುವ ಹೊತ್ತಿಗೆ ಹಂದಿ ಅರ್ಧ ಗದ್ದೆ ಮುಗಿಸಿರುತ್ತಿತ್ತು! ಹೀಗೆ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಮರಾಠಿಯವರು 'ಠಾಸಣೀಚಿ ಬಂದೂಕ್' ಎನ್ನುತ್ತಾರೆ. ಠಾಸಣೆ ಎಂದರೆ ಜಡಿಯುವುದು, ತುರುಕುವುದು.

ಸರಿ, ಆಯ್ಕೆಗೆ ಬರೋಣ. ಮೊದಲ ಉಮೇದುವಾರನನ್ನು ಹುಡುಕಲು ದೂರ ಹೋಗಬೇಕಿಲ್ಲ. ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ತೀರಿಕೊಂಡ ಮಗ ರಾಜಾನ ನೆನಪಿಗೆ ದಿನಕರ ಕೇಳ್ಕರ್ ಅವರು ಊರೂರು ಸುತ್ತಿ ಕೂಡಿಸಿದ ಸಂಗ್ರಹ ಅದು. ಅಡಕತ್ತರಿ, ದೀಪಗಳ ಜೊತೆಗೆ ಅಲ್ಲಿ ಆಯುಧಗಳೂ ಇವೆ. ದಖ್ಖನಿನ ಹಳೆಯ ಬಂದೂಕು ಎಂದರೆ ಬತ್ತಿಯ ಬಂದೂಕು, ಮರಾಠಿಯಲ್ಲಿ 'ತೋಡ್ಯಾಚಿ ಬಂದೂಕ್'. ಉರಿಯುವ ಹಗ್ಗದ ತುದಿಯನ್ನು ಬಾಗಿಸಿ ಮದ್ದಿಗೆ ಮುಟ್ಟಿಸಿದರೆ ಗುಂಡು ಹಾರುತ್ತದೆ. ಇಂಥ ಉದ್ದ ನಳಿಗೆಗಳನ್ನು ಮಾಡುತ್ತಿದ್ದ ರೀತಿ ಸೊಗಸಾದದ್ದು. ಕಬ್ಬಿಣದ ಪಟ್ಟಿಯನ್ನು ಒಂದು ಸರಳಿನ ಸುತ್ತ ಬಳ್ಳಿಯಂತೆ ಸುತ್ತಿ, ಕಾಯಿಸಿ, ಬಡಿದು ಬೆಸೆಯುತ್ತಿದ್ದರು. ಒಳ್ಳೆಯ ಕಮ್ಮಾರನ ನಳಿಗೆಯ ಮೇಲೆ ನೀರಿನ ಅಲೆಯಂಥ ಗೆರೆಗಳು ಇವತ್ತಿಗೂ ಕಾಣುತ್ತವೆ. ನೋಡಲು ಇದಕ್ಕಿಂತ ಚೆಂದದ್ದು ಬೇಡ. ಆದರೆ ನಮ್ಮ ಕಡೆಯ ಮಳೆಗೆ ಇದು ನಡೆಯದು. ಬತ್ತಿ ನೆನೆದರೆ ಕೋವಿ ಬರೀ ದೊಣ್ಣೆ.

ಎರಡನೆಯದು ಶ್ರೀರಂಗಪಟ್ಟಣದ್ದು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಬಂದೂಕು. ಇದರಲ್ಲಿ ಬತ್ತಿ ಬೇಡ. ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುತ್ತದೆ. ಫ್ರೆಂಚರ ತಂತ್ರ ಕಲಿತ ನಮ್ಮವರ ಕೈಯ ಕೆಲಸ. ಮೈಮೇಲೆ ಹುಲಿಪಟ್ಟೆಯ ಅಲಂಕಾರ, ಕೆಲವದರಲ್ಲಿ ಹುಲಿಯ ಮುಖ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇವು ಗೆದ್ದವರ ಪೆಟ್ಟಿಗೆಗಳಲ್ಲಿ ಕಡಲು ದಾಟಿದವು. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದಲ್ಲಿ ಟಿಪ್ಪುವಿನ ಆಯುಧಗಳು ಸಿಕ್ಕು ಹರಾಜಾದವು. ಅದರಲ್ಲಿ ಬೆಳ್ಳಿ ಕಟ್ಟಿದ ಒಂದು ಚಕಮಕಿ ಬಂದೂಕಿಗೇ 60,000 ಪೌಂಡ್ ಬಂತು. ದುಡ್ಡಿನ ಮಾತು ಬೇಡ ಅಂದಿದ್ದಾರೆ, ಇರಲಿ. ಆದರೆ ಅಷ್ಟು ಬೆಲೆಯ ಕೋವಿ ಮನೆಗೆ ಬಂದರೆ ಅದನ್ನು ಕಾಯಲು ಇನ್ನೊಂದು ಕೋವಿ ಬೇಕಾದೀತು.

ಮೂರನೆಯದು ನಿಜವಾದ ಅರ್ಥದಲ್ಲಿ ರೈಫಲ್. ಇಲ್ಲಿಯವರೆಗೆ ಹೇಳಿದವುಗಳ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪು. ನೂರು ಮೀಟರ್ ದಾಟಿದರೆ ಗುರಿಯನ್ನು ನಂಬುವಂತಿಲ್ಲ. ನಳಿಗೆಯ ಒಳಗೆ ತಿರುಪಿನಂತೆ ಗೀರು ಕೊರೆದರೆ ಗುಂಡು ಬುಗುರಿಯಂತೆ ಸುತ್ತುತ್ತ ನೆಟ್ಟಗೆ ಹೋಗುತ್ತದೆ. ಹಾಗೆ ಗೀರು ಕೊರೆದದ್ದೇ ರೈಫಲ್. 1853ರ ಮಾದರಿಯ ಎನ್‌ಫೀಲ್ಡ್ ಕೂಡ ಬಾಯಿಯಿಂದ ತುಂಬುವ ರೈಫಲ್ಲೇ. ನಮ್ಮ ಅಜ್ಜನ ಕೋವಿಗೆ ಇದ್ದಂಥದೇ ಕೇಪು. ನಳಿಗೆಯಲ್ಲಿ ಮೂರು ಗೀರು. ನೂರಾರು ಮೀಟರ್ ದೂರಕ್ಕೆ ಗುರಿ. ಅಮೆರಿಕದಲ್ಲಿ ಇಂದಿಗೂ ಹವ್ಯಾಸಿಗಳು ಪೆನ್ಸಿಲ್ವೇನಿಯಾ ರೈಫಲ್, ಹಾಕನ್ ರೈಫಲ್ ಎಂದು ಹಳೆಯ ಮಾದರಿಗಳ ಬಿಡಿಭಾಗ ತರಿಸಿ, ಮರ ಕೆತ್ತಿ, ತಾವೇ ಜೋಡಿಸಿಕೊಳ್ಳುತ್ತಾರೆ. ಎನ್‌ಫೀಲ್ಡಿಗೂ ಅಲ್ಲಿ ಪ್ರೇಮಿಗಳಿದ್ದಾರೆ. ಆದರೆ ನಮಗೆ ಈ ಹೆಸರು ಕೇಳಿದ ಕೂಡಲೇ ನೆನಪಾಗುವುದು 1857, ಕೊಬ್ಬು ಸವರಿದ ತೋಟೆ, ಅದನ್ನು ಹಲ್ಲಿನಿಂದ ಕಚ್ಚಲು ಒಪ್ಪದ ಸಿಪಾಯಿಗಳು.

ಈ ಎನ್‌ಫೀಲ್ಡಿನ ಮುಂದಿನ ಕಥೆ ಅಷ್ಟು ಪರಿಚಿತವಲ್ಲ. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗೆಂದು 1858ರ ಬೇರೊಂದು ಮಾದರಿ ಬಂತು. ಹೊರಗಿನಿಂದ ಥೇಟ್ ಎನ್‌ಫೀಲ್ಡೇ. ಒಳಗೆ ಮಾತ್ರ ಗೀರುಗಳಿಲ್ಲ, ನಳಿಗೆ ನುಣುಪು! ಗೋರಾ ಸೈನಿಕನ ಗುಂಡು ದೂರ ಹೋಗಬೇಕು, ಕರಿಯ ಸಿಪಾಯಿಯದು ಹೋಗಬಾರದು. ಕೋವಿಯ ಒಳಗಿನ ಗೀರು ಕೂಡ ಅದನ್ನು ಹಿಡಿಯುವ ಕೈ ಯಾವುದು ಎಂದು ನೋಡಿ ತೀರ್ಮಾನವಾಯಿತು. ಇದನ್ನು ಓದಿದ ಮೇಲೆ ನನಗೆ ಕೇಳುಗರ ಪ್ರಶ್ನೆಯೇ ಬೇರೆಯಾಗಿ ಕಾಣತೊಡಗಿತು. ಯಾವ ಕೋವಿ ಚೆಂದ ಎನ್ನುವುದಕ್ಕಿಂತ ಮುಂಚೆ ಕೇಳಬೇಕಾದದ್ದು, ಕೋವಿ ಇಟ್ಟುಕೊಳ್ಳಲು ಯಾರಿಗೆ ಬಿಟ್ಟಿದ್ದರು ಎಂದು.

ಅದಕ್ಕೆ ಉತ್ತರ ನಮ್ಮ ಕನ್ನಡ ನಾಡಿನ ಎರಡು ಊರುಗಳಲ್ಲಿದೆ.

ಒಂದು, ಹಲಗಲಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿಯ ಹಳ್ಳಿ. 1857ರಲ್ಲಿ ಇಂಗ್ಲಿಷರು ಶಸ್ತ್ರಾಸ್ತ್ರ ಕಾಯಿದೆ ತಂದರು. ಮನೆಯಲ್ಲಿರುವ ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕು ಎಂದಾಯಿತು. ಹಲಗಲಿಯ ಬೇಡರಿಗೆ ಆಯುಧ ಎಂದರೆ ಬೇಟೆ, ಕಾವಲು, ಮಾನ, ಮೂರೂ. ಕೊಡುವುದಿಲ್ಲ ಎಂದರು. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಹಳ್ಳಿಯನ್ನು ಸುತ್ತುವರಿಯಿತು. ಮನೆಗಳಿಗೆ ಬೆಂಕಿ ಬಿತ್ತು. ಸಿಕ್ಕಿಬಿದ್ದವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಊರು ಹಾಳಾದರೂ ಹಾಡು ಉಳಿಯಿತು. ಮುಂಬಯಿ ಪ್ರಾಂತದ ಅಧಿಕಾರಿ ಜಾನ್ ಫ್ಲೀಟ್ ಹಲಗಲಿಯ ಲಾವಣಿಯನ್ನು ಬರೆದುಕೊಂಡು, 1880ರ ದಶಕದಲ್ಲಿ ಅಚ್ಚು ಹಾಕಿಸಿದ. ನಮ್ಮಲ್ಲಿ ಎಷ್ಟೋ ಜನ ಅದನ್ನು ಶಾಲೆಯ ಪಠ್ಯದಲ್ಲಿ ಓದಿದ್ದೇವೆ.

ಇನ್ನೊಂದು, ಕೊಡಗು. ಹಲಗಲಿ ಸುಟ್ಟು ನಾಲ್ಕು ವರ್ಷ ತುಂಬುವುದರೊಳಗೆ, 1861ರ ಫೆಬ್ರವರಿಯಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಅವರ ನಿಷ್ಠೆಗೆ, ಶೌರ್ಯಕ್ಕೆ ಮೆಚ್ಚಿ ಕೊಟ್ಟದ್ದು ಎಂಬ ಮಾತು ಆ ಆದೇಶದಲ್ಲಿದೆ. ಹಾಗಾಗಿ ಕೊಡವರ ಮನೆಯಲ್ಲಿ ತೋಕ್ ಉಳಿಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಂಚೆ ಗುಂಡಿನ ಸದ್ದು. ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಸ್ವತಂತ್ರ ಭಾರತದಲ್ಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಪುಣೆಯಲ್ಲಿರುವ ನನ್ನ ಕೊಡವ ಗೆಳೆಯರಿಗೆ ಇದು ಹೆಮ್ಮೆಯ ವಿಷಯ, ಆ ಹೆಮ್ಮೆ ಸಹಜವೇ. ನಾನು ಹೇಳುವುದು ಇಷ್ಟೇ: ಒಂದೇ ಬಗೆಯ ಕಾಯಿದೆ, ಎರಡೂ ಕಡೆ ಇಂಗ್ಲಿಷರದೇ ದೊರೆತನ. ಒಂದು ಊರಿನಲ್ಲಿ ಕೋವಿ ದೇವರ ಮುಂದೆ ಕೂತಿತು. ಇನ್ನೊಂದು ಊರಿನಲ್ಲಿ ಅದಕ್ಕಾಗಿ ಜನ ನೇಣಿಗೆ ಹೋದರು.

ಬಾಯಿಯಿಂದ ತುಂಬುವ ಕೋವಿಯ ಕಾಲ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. 1866ರಲ್ಲಿ ಎನ್‌ಫೀಲ್ಡಿನ ಹಿಂಭಾಗವನ್ನು ಕತ್ತರಿಸಿ, ಹಿಂದಿನಿಂದಲೇ ಲೋಹದ ತೋಟೆ ಹಾಕುವ ಸ್ನೈಡರ್ ಬಂತು. 1869ರಲ್ಲಿ ನಮ್ಮ ಖಡಕಿಯ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ಮುಂಬಯಿ ರೈಲಿನಲ್ಲಿ ಖಡಕಿ ದಾಟುವಾಗ ನೆನಪಿಸಿಕೊಳ್ಳಿ. ಸೈನ್ಯದಲ್ಲಿ ಗಜ ಜಡಿಯುವ ಕೆಲಸ ಹಾಗೆ ಮುಗಿಯಿತು. ಹಳ್ಳಿಯಲ್ಲಿ ಮಾತ್ರ ಅದು ನಮ್ಮ ಅಜ್ಜನ ಕಾಲದವರೆಗೂ ನಡೆಯಿತು. ತೋಟೆ ಕೋವಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲವಲ್ಲ.

ಇನ್ನು ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ನಳಿಗೆಯ ಬಾಯಿಯಿಂದ ತುಂಬುವ ಕೋವಿಗೂ ಲೈಸೆನ್ಸ್ ಬೇಕು. ಮಾಡುವುದಕ್ಕೂ ಬೇಕು. ಅಮೆರಿಕದ ಹವ್ಯಾಸಿಯಂತೆ ಮನೆಯಲ್ಲಿ ಜೋಡಿಸಲು ಹೊರಟರೆ ಅಪರಾಧವಾಗುತ್ತದೆ. ಹಳೇ ಕಾಲದ, ರಿಪೇರಿ ಮಾಡಿದರೂ ಹಾರದ ಕೋವಿಗೆ ಮಾತ್ರ ಕಾಯಿದೆಯಲ್ಲಿ ರಿಯಾಯಿತಿ ಇದೆ. ಅಟ್ಟದಲ್ಲಿ ಅಂಥದ್ದೇನಾದರೂ ಸಿಕ್ಕಿದರೆ ನೀವೇ ತೀರ್ಮಾನ ಮಾಡಬೇಡಿ, ಅಧಿಕಾರಿಗಳಿಗೆ ತೋರಿಸಿ. ನೂರು ವರ್ಷ ದಾಟಿದ್ದರೆ ಅದು ಪುರಾತನ ವಸ್ತುವೂ ಆಗಬಹುದು. ಅಮೆರಿಕದಲ್ಲಿರುವ ಮಗನಿಗೆ ಕಾಣಿಕೆಯಾಗಿ ಕಳಿಸುವ ಯೋಚನೆ ಬೇಡ.

ನಮ್ಮ ಅಜ್ಜ ಪ್ರತಿ ಚುನಾವಣೆಗೂ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಠಾಣೆಗೆ ಒಪ್ಪಿಸುತ್ತಿದ್ದರು. ಮತ ಎಣಿಕೆ ಮುಗಿದ ಮೇಲೆ ವಾಪಸು ತಂದು, ಎಣ್ಣೆ ಬಟ್ಟೆಯಲ್ಲಿ ಒರೆಸಿ ಗೋಡೆಗೆ ತೂಗುಹಾಕುತ್ತಿದ್ದರು. ಅವರು ಹೋದ ಮೇಲೆ ಮನೆಯಲ್ಲಿ ಯಾರೂ ಲೈಸೆನ್ಸಿಗೆ ಅರ್ಜಿ ಹಾಕಲಿಲ್ಲ. ನಾನು ಪುಣೆಯಲ್ಲಿದ್ದೆ, ಚಿಕ್ಕಪ್ಪ ಬೆಂಗಳೂರಿನಲ್ಲಿ. ಅಪ್ಪ ಅದನ್ನು ಸರಕಾರಕ್ಕೆ ಒಪ್ಪಿಸಿ, ರಸೀದಿ ತಂದು ಪೆಟ್ಟಿಗೆಯಲ್ಲಿಟ್ಟರು. ಯಾರ ತಪ್ಪೂ ಅಲ್ಲ. ಯಾರೂ ನಮ್ಮ ಮನೆಗೆ ಬೆಂಕಿ ಇಡಲಿಲ್ಲ.

ಕೋಥ್ರೂಡಿನ ಗೆಳೆಯರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಟಿಪ್ಪುವಿನ ಬೆಳ್ಳಿಯ ಬಂದೂಕು ನನಗೆ ಬೇಡ, ಅದನ್ನು ಕಾಪಾಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಎನ್‌ಫೀಲ್ಡೂ ಬೇಡ. ಹಲಗಲಿಯ ಯಾವುದಾದರೂ ಒಂದು ಮನೆಯ ಗೋಡೆಯಿಂದ ಇಳಿದ ಕೋವಿ ಇದ್ದರೆ ಕೊಡಿ. ಅಲಂಕಾರವಿಲ್ಲದ್ದು, ಹಿಡಿ ಸವೆದದ್ದು ಆದರೂ ಚಿಂತೆಯಿಲ್ಲ. ಖಂಡೇನವಮಿಯ ದಿನ ಅದಕ್ಕೆ ಕುಂಕುಮವಿಟ್ಟು, ಮಕ್ಕಳನ್ನು ಕೂರಿಸಿಕೊಂಡು ಆ ನಾಲ್ಕು ಹೆಸರು ಹೇಳುತ್ತೇನೆ.

ಅಂಥ ಕೋವಿ ಸಿಗುವುದಿಲ್ಲ ಎಂದು ಗೊತ್ತು. ಹೆಸರು ಹೇಳುವುದಕ್ಕೆ ಲೈಸೆನ್ಸ್ ಬೇಕಿಲ್ಲ. ನಿಮ್ಮ ಮನೆಯ ಹಿರಿಯರಲ್ಲಿ ಯಾರಿಗಾದರೂ ಹಲಗಲಿಯ ಲಾವಣಿ ಬಾಯಿಪಾಠವಿದ್ದರೆ ನಮಗೆ ತಿಳಿಸಿ. ಮುಂದಿನ ಕಾರ್ಯಕ್ರಮಗಳಲ್ಲೊಂದರಲ್ಲಿ ಅವರ ಬಾಯಿಂದಲೇ ಕೇಳೋಣ.