ಕಲೆ ಹೋದದ್ದೆಲ್ಲಿಗೆ?

ಹಬ್ಬದೂಟದ ಮರುದಿನ ಪಂಚೆಯ ಮೇಲಿನ ಅರಿಶಿನದ ಕಲೆಗೆ ಸಾಬೂನು ಹಚ್ಚಿದರೆ ಅದು ಕೆಂಪಗಾಗುವುದನ್ನು ಎಲ್ಲರೂ ಬಲ್ಲರು. ಸಾಬೂನಿನ ಕ್ಷಾರವೇ ಇದಕ್ಕೆ ಕಾರಣ. ನಮ್ಮ ಹಿರಿಯರು ಅಂಥ ಬಟ್ಟೆಯನ್ನು ಒಗೆದು ಬಿಸಿಲಿಗೆ ಹರವುತ್ತಿದ್ದರು. ಬಣ್ಣ ತಾನಾಗಿ ಹಾರಿಹೋಗುತ್ತಿತ್ತು. ಉಳಿದ ಕೊಳೆಗೆ ಸೀಗೆ, ಅಂಟುವಾಳಗಳಿದ್ದವು. ಮಡಿವಾಳರ ಬಳಿ ಸವುಳುಮಣ್ಣೂ ಉಬ್ಬೆಯೂ ಇದ್ದವು.

ಸಾಬೂನು ಬಂದ ಮೇಲೆ ಕೆಲಸ ಹಗುರವಾಯಿತು. ಆದರೆ ಗಡಸು ನೀರಿನಲ್ಲಿ ಅದು ನೊರೆ ಕಟ್ಟದೆ, ಬಿಳಿ ಗಸಿಯಾಗಿ ಬಟ್ಟೆಗೆ ಅಂಟುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಕೊಬ್ಬು ದುರ್ಲಭವಾದಾಗ ಅಲ್ಲಿನ ರಸಾಯನಶಾಸ್ತ್ರಜ್ಞರು ಕೊಬ್ಬಿಲ್ಲದ ಮಾರ್ಜಕವನ್ನು ಹುಡುಕಿದರು. ಎರಡನೆಯ ಯುದ್ಧದ ತರುವಾಯ ಗಡಸು ನೀರಿಗೂ ಅಂಜದ ಪುಡಿಗಳು ಪೇಟೆಗೆ ಬಂದವು: ಅಮೆರಿಕದಲ್ಲಿ 1946ರಲ್ಲಿ ಟೈಡ್, ನಮ್ಮಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರ ನಿರ್ಮಾ.

ಕಲೆಯೇನೋ ಹೋಯಿತು; ಹೋದದ್ದೆಲ್ಲಿಗೆ? ಪೆಟ್ರೋಲಿಯಂನಿಂದ ತಯಾರಾದ ಅಂದಿನ ಮಾರ್ಜಕವನ್ನು ನೀರಿನ ಸೂಕ್ಷ್ಮಜೀವಿಗಳು ಅರಗಿಸಿಕೊಳ್ಳಲಾರದೆ ಯುರೋಪಿನ ನದಿಗಳು ನೊರೆಗಟ್ಟಿದವು. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿ, ಸೂಕ್ಷ್ಮಜೀವಿಗಳು ಒಡೆಯಬಲ್ಲ ಮಾರ್ಜಕವನ್ನೇ ಬಳಸಬೇಕೆಂದು ವಿಧಿಸಿತು. ಅಂಥ ಮಾರ್ಜಕವಾದರೂ ಚರಂಡಿಯ ನೀರನ್ನು ಶುದ್ಧಿಮಾಡದೆ ಕೆರೆಗೆ ಬಿಟ್ಟರೆ ನೊರೆಯಾಗಿ ಏಳುತ್ತದೆ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಾಗ, ಅದರಲ್ಲಿ ಊರಿನ ಬಚ್ಚಲುಗಳ ಪಾಲೂ ಇತ್ತು.

ಪುಡಿಯನ್ನು ಬಿಡಬೇಕೆಂದಲ್ಲ. ಅಳತೆಯಿಂದ ಬಳಸೋಣ, ಬಿಸಿಲು ಮಾಡಬಲ್ಲ ಕೆಲಸವನ್ನು ಬಿಸಿಲಿಗೇ ಬಿಡೋಣ. ಅದು ಕೆರೆಗೆ ಏನನ್ನೂ ಹರಿಸುವುದಿಲ್ಲ.