ತೊಟ್ಟಿಲು, ಮಂಚ, ಕಪಾಟು ವಿದೇಶಕ್ಕೆ ಕಳಿಸೋದು ಹೇಗೆ? ನಮ್ಮ ನಾಲ್ಕು ತಾಲೂಕಿನವರಿಗೆ ಉಪಯುಕ್ತ ಮಾಹಿತಿ

ಬೈಲಹೊಂಗಲ: ಮೊದಲ ಹೆರಿಗೆ ಆದ ಮಗಳಿಗೆ ತವರು ಮನೆಯಿಂದ ತೊಟ್ಟಿಲು ಕೊಡೋದು ನಮ್ಮ ಕಡೆ ಪದ್ಧತಿ. ಮಗಳು ಧಾರವಾಡದಲ್ಲಿದ್ದರೆ ಟಾಟಾ ಏಸ್‌ನಲ್ಲಿ ಹಾಕಿ ಕಳಿಸಿದರೆ ಮುಗೀತು. ಆಸ್ಟ್ರೇಲಿಯಾದಲ್ಲಿದ್ದರೆ?

ನಮ್ಮ ಸೋದರಮಾವನ ಮನೆಯಲ್ಲಿ ಇದೇ ಆಯ್ತು. ಸಾಗವಾನಿ ಕಟ್ಟಿಗೆಯ ಬಣ್ಣದ ತೊಟ್ಟಿಲು ಮಾಡಿಸಿ, ಅಡ್ಡಿ ಹಲಗೆಯ ಪೆಟ್ಟಿಗೆಯಲ್ಲಿ ಭತ್ತದ ಹುಲ್ಲು ತುಂಬಿ, ಏಜೆಂಟರೊಬ್ಬರ ಕೈಗೆ ಕೊಟ್ಟರು. ಮೆಲ್ಬೋರ್ನ್ ಬಂದರಿನಲ್ಲಿ ಪೆಟ್ಟಿಗೆ ತಡೆದರು. ಹುಲ್ಲು ಸುಟ್ಟರು, ಪೆಟ್ಟಿಗೆ ಒಡೆದರು, ತೊಟ್ಟಿಲಿಗೆ ಔಷಧಿ ಹೊಗೆ ಕೊಡಿಸಿದರು. ಅದರ ಬಿಲ್ಲು, ಗೋದಾಮಿನ ಬಾಡಿಗೆ ಎಲ್ಲ ಸೇರಿ ತೊಟ್ಟಿಲ ಬೆಲೆಗಿಂತ ಜಾಸ್ತಿ ಆಯ್ತು. ಹೆಸರಿಡೋ ಕಾರ್ಯಕ್ಕೆ ಅಲ್ಲೇ ಯಾರದೋ ತೊಟ್ಟಿಲು ತಂದು ಮುಗಿಸಿದರು. ನಮ್ಮ ತೊಟ್ಟಿಲು ಮನೆ ಮುಟ್ಟೋ ಹೊತ್ತಿಗೆ ಕೂಸು ಎದ್ದು ಕೂಡ್ತಿತ್ತು. "ಮಗಳಿಗೆ ತೊಟ್ಲ ಕಳಸಾಕೂ ಇಷ್ಟ ಕಾಗದ ಬೇಕೇನಪಾ?" ಅಂತ ಮಾವ ಇವತ್ತಿಗೂ ಕೇಳ್ತಾರೆ.

ಬೇಕು. ಏನೇನು ಬೇಕು ಅನ್ನೋದು ಇಲ್ಲಿದೆ.

ಯಾವ ಕಟ್ಟಿಗೆ ಅನ್ನೋದು ಮೊದಲ ಪ್ರಶ್ನೆ

ಸಾಗವಾನಿ, ಬೇವು, ಮಾವಿನ ಕಟ್ಟಿಗೆಯ ಸಾಮಾನಿಗೆ ವನ್ಯಜೀವಿ ಒಪ್ಪಂದದ ಅಡ್ಡಿ ಇಲ್ಲ. ಬೀಟಿ ಮತ್ತು ಶೀಸಂ ಕಥೆ ಬೇರೆ. ಇವು 2017ರ ಜನವರಿ 2ರಿಂದ ಸೈಟಿಸ್ ಅನ್ನುವ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಸಣ್ಣ ಸಾಮಾನಿಗೆ 10 ಕೆಜಿ ತನಕ ವಿನಾಯಿತಿ ಇದೆ. ಅಜ್ಜನ ಕಾಲದ ಬೀಟಿ ಮಂಚಕ್ಕೆ ಆ ವಿನಾಯಿತಿ ಸಿಗೋದಿಲ್ಲ, ಪ್ರಮಾಣಪತ್ರ ಬೇಕು. ಅದಿಲ್ಲದೆ ಹೋದ ಸಾಮಾನನ್ನು ಆ ದೇಶದವರು ಜಪ್ತಿ ಮಾಡಬಹುದು. ಶ್ರೀಗಂಧ, ರಕ್ತಚಂದನಕ್ಕೆ ನಿಯಮ ಇನ್ನೂ ಬಿಗಿ. ಮನೆ ಸಾಮಾನಿನ ಜೊತೆ ಹಾಕುವ ಯೋಚನೆಯೇ ಬೇಡ. ತೊಟ್ಟಿಲಿಗೆ ನವಿಲುಗರಿ ಕಟ್ಟಿದ್ದರೆ ಬಿಚ್ಚಿಡಿ, ನವಿಲುಗರಿ ರಫ್ತು ನಮ್ಮ ದೇಶದಲ್ಲಿ ನಿಷೇಧ.

ಬಡಿಗೇರರಿಗೆ ಮೊದಲೇ ಹೇಳಿ: ಕಟ್ಟಿಗೆ ಚೆನ್ನಾಗಿ ಒಣಗಿರಬೇಕು, ತೊಗಟೆ ಚೂರೂ ಉಳಿದಿರಬಾರದು, ಹುಳದ ತೂತು ಇರಬಾರದು. ಹಸಿ ಕಟ್ಟಿಗೆಯ ಸಾಮಾನು ಹಡಗಿನ ಶೆಕೆಗೆ ಬೂಸರು ಹಿಡಿಯುತ್ತೆ, ಆಮೇಲೆ ಅಲ್ಲಿನ ಹೀಟರ್ ಹಾಕಿದ ಮನೆಯಲ್ಲಿ ಸೀಳು ಬಿಡುತ್ತೆ. ನಟ್ಟು-ಬೋಲ್ಟಿನಿಂದ ಬಿಚ್ಚಿ ಜೋಡಿಸೋ ಹಾಗೆ ಮಾಡಿಸಿದರೆ ಅರ್ಧ ಜಾಗ ಉಳಿಯುತ್ತೆ. ಕಟ್ಟಿಗೆ ಅಡ್ಡಿಯ ಬಿಲ್ಲು, ಬಡಿಗೇರರ ಬಿಲ್ಲು ಎರಡನ್ನೂ ಜೋಪಾನವಾಗಿಡಿ.

ಪೆಟ್ಟಿಗೆಗೂ ಕಾನೂನು ಇದೆ

ಹೆಚ್ಚಿನವರು ಸಿಕ್ಕಿಬೀಳೋದು ಇಲ್ಲೇ. ಪ್ಯಾಕಿಂಗ್ ಕಟ್ಟಿಗೆಯಲ್ಲಿ ಹುಳ ದೇಶದಿಂದ ದೇಶಕ್ಕೆ ಹೋಗಬಾರದು ಅಂತ ಐಎಸ್‌ಪಿಎಂ 15 ಅನ್ನೋ ಜಾಗತಿಕ ನಿಯಮ ಇದೆ. ಅದರ ಪ್ರಕಾರ ಪೆಟ್ಟಿಗೆಯ ಕಟ್ಟಿಗೆಯನ್ನು ಒಳಗಿನ ತಿರುಳು 56 ಡಿಗ್ರಿ ಮುಟ್ಟಿ 30 ನಿಮಿಷ ಇರೋ ಹಾಗೆ ಕಾಯಿಸಬೇಕು, ಇಲ್ಲವೇ ಒಪ್ಪಿತ ಹೊಗೆ ಔಷಧಿ ಕೊಡಿಸಬೇಕು. ಆಮೇಲೆ ಅದರ ಮೇಲೆ ಗೋಧಿ ತೆನೆಯ ಗುರುತಿರೋ ಐಪಿಪಿಸಿ ಮುದ್ರೆ ಬೀಳಬೇಕು. ಈ ಮುದ್ರೆಯನ್ನು ಸರ್ಕಾರದ ಮಾನ್ಯತೆ ಇದ್ದ ಘಟಕದವರು ಮಾತ್ರ ಹಾಕಬಹುದು.

ಸುಲಭ ದಾರಿ ಒಂದಿದೆ. ಪ್ಲೈವುಡ್ಡಿಗೆ ಈ ನಿಯಮ ಅನ್ವಯಿಸೋದಿಲ್ಲ. ಪೂರ್ತಿ ಪ್ಲೈವುಡ್ ಪೆಟ್ಟಿಗೆ, ಇಲ್ಲವೇ ದಪ್ಪ ರಟ್ಟಿನ ಪೆಟ್ಟಿಗೆ ಮಾಡಿಸಿ. ಮೂಲೆಗೆ ಬಲ ಬರಲಿ ಅಂತ ಒಳಗೆ ಸಾದಾ ಕಟ್ಟಿಗೆ ಪಟ್ಟಿ ಹೊಡೆದರೆ ಮತ್ತೆ ನಿಯಮ ಬಂತು, ನೆನಪಿರಲಿ.

ಹುಲ್ಲು, ಹೊಟ್ಟು, ಹಳೇ ಗೋಣಿ ಚೀಲ, ಕಾಳು ಇರೋ ಹತ್ತಿ ಯಾವುದನ್ನೂ ತುಂಬಬೇಡಿ. ಬಬಲ್ ಶೀಟು, ಥರ್ಮಾಕೋಲು, ತೇವ ಹೀರೋ ಸಿಲಿಕಾ ಪುಡಿಕೆ ಹಾಕಿ. ಜಾಗ ಇದೆ ಅಂತ ಶೇಂಗಾ ಹಿಂಡಿ, ಖಾರಪುಡಿ, ಅಂಟಿನುಂಡಿ ಮೂಲೆಗೆ ತುರುಕೋದೂ ಬೇಡ. ಒಂದು ಉಂಡಿ ಡಬ್ಬಿಗಾಗಿ ಪೂರ್ತಿ ಪೆಟ್ಟಿಗೆ ನಿಲ್ಲುತ್ತೆ.

ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗೋದಿದ್ದರೆ ಹೊಗೆ ಔಷಧಿಯನ್ನು ಆ ದೇಶ ಒಪ್ಪಿದ ಪಟ್ಟಿಯಲ್ಲಿರೋ ಕಂಪನಿಯಿಂದಲೇ ಕೊಡಿಸಿ, ಪ್ರಮಾಣಪತ್ರ ಇಸಕೊಳ್ಳಿ. ಬೇರೆಯವರ ಚೀಟಿ ಅಲ್ಲಿ ನಡೆಯೋದಿಲ್ಲ.

ತೂಕ ಅಲ್ಲ, ಜಾಗದ ಲೆಕ್ಕ

ಬಿಚ್ಚಿದ ತೊಟ್ಟಿಲಿನ ಪೆಟ್ಟಿಗೆ 4 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಎತ್ತರ ಅಂತ ಇಟ್ಟುಕೊಳ್ಳಿ. ತೂಕ 30 ಕೆಜಿ.

ಕೊರಿಯರ್: ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸ್ತಾರೆ. ಈ ಪೆಟ್ಟಿಗೆಗೆ ಸುಮಾರು 45 ಕೆಜಿ ಬರುತ್ತೆ. ತಕ್ಕಡಿ 30 ತೋರಿಸಿದರೂ ನೀವು ಕೊಡೋದು 45ಕ್ಕೆ.

ಅಂಚೆ: ವಿದೇಶಿ ಪಾರ್ಸೆಲ್ಲಿಗೆ ಮಿತಿ ಸಾಮಾನ್ಯವಾಗಿ 20 ಕೆಜಿ. ಮಣೆ, ಸಣ್ಣ ಸ್ಟೂಲು, ದೇವರ ಪೀಠಕ್ಕೆ ಅಂಚೆ ಚಲೋ. ತೊಟ್ಟಿಲಿಗೆ ಕಷ್ಟ.

ಹಡಗು: ಇಲ್ಲಿ ಲೆಕ್ಕ ಘನ ಮೀಟರಿನಲ್ಲಿ, ಏಜೆಂಟರ ಮಾತಿನಲ್ಲಿ ಸಿಬಿಎಂ. ಒಂದು ಸಿಬಿಎಂ ಅಂದರೆ 35 ಘನ ಅಡಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಪೆಟ್ಟಿಗೆ 8 ಘನ ಅಡಿ, ಅಂದರೆ ಕಾಲು ಸಿಬಿಎಂ ಕೂಡ ಇಲ್ಲ. ಆದರೆ ಬೇರೆಯವರ ಸಾಮಾನಿನ ಜೊತೆ ಹಂಚಿಕೊಂಡು ಹೋಗೋ ಕಂಟೇನರಿನಲ್ಲಿ ಸಾಮಾನ್ಯವಾಗಿ ಕನಿಷ್ಠ ಒಂದು ಸಿಬಿಎಂ ಬಾಡಿಗೆ ಹಿಡೀತಾರೆ. ಹಾಗಾಗಿ ಒಂದೇ ಪೆಟ್ಟಿಗೆ ಕಳಿಸೋ ಬದಲು ಪಾತ್ರೆ, ಬಟ್ಟೆ, ಪುಸ್ತಕ ಕೂಡಿಸಿ ಕಳಿಸೋದು ಲಾಭ. ಇಡೀ ಮನೆ ಸಾಮಾನು ಇದ್ದರೆ 20 ಅಡಿ ಕಂಟೇನರ್. ಒಳಗೆ ಸುಮಾರು 33 ಸಿಬಿಎಂ ಜಾಗ, ತುಂಬೋಕೆ ಸಿಗೋದು 25ರಿಂದ 28.

ನಮ್ಮ ಊರಿಂದ ಬಂದರಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ತಾಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣ ಇಲ್ಲ. ಸಾಮಾನು ಲಾರಿಯಲ್ಲೇ ಹೋಗಬೇಕು. ಕಿತ್ತೂರಿನವರಿಗೆ ಪುಣೆ-ಬೆಂಗಳೂರು ಹೆದ್ದಾರಿ ಬಾಗಿಲಲ್ಲೇ ಇದೆ. ಉಳಿದವರು ಬೆಳಗಾವಿ ಅಥವಾ ಧಾರವಾಡ-ಹುಬ್ಬಳ್ಳಿ ತನಕ ಮುಟ್ಟಿಸಿ ಅಲ್ಲಿಂದ ಟ್ರಾನ್ಸ್‌ಪೋರ್ಟಿಗೆ ಹಾಕೋದು ಅನುಕೂಲ. ಕಂಟೇನರ್ ಹಡಗುಗಳಿಗೆ ದೊಡ್ಡ ಬಂದರು ನವಿ ಮುಂಬೈನ ನ್ಹಾವಾ ಶೇವಾ.

ದುಬೈಗೆ ಹಡಗಿನ ಪಯಣ ಸಣ್ಣದು. ಯುರೋಪು, ಅಮೆರಿಕಾಕ್ಕೆ ದಿನ ಹಿಡಿಯುತ್ತೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳ ಹಡಗುಗಳು ಆಫ್ರಿಕಾ ಸುತ್ತಿ ಹೋಗಿ, 10-14 ದಿನ ಜಾಸ್ತಿ ತಗೊಂಡವು. ಯಾವ ದಾರಿಯಲ್ಲಿ ಹೋಗುತ್ತೆ ಅಂತ ಬುಕ್ ಮಾಡುವಾಗ ಕೇಳಿ. ಕಾರ್ಯದ ತಾರೀಖು ಇಟ್ಟುಕೊಂಡು ಕಳಿಸೋರು ಕನಿಷ್ಠ ಮೂರು ತಿಂಗಳು ಮೊದಲೇ ಕಳಿಸಿ.

ಆ ಕಡೆ ಸುಂಕ ಎಷ್ಟು?

ಇದು ಸಾಮಾನು ಹಳೇದೋ ಹೊಸದೋ ಅನ್ನೋದರ ಮೇಲೆ ಹೋಗುತ್ತೆ. ಮನೆ ಬದಲಿಸಿಕೊಂಡು ಹೋಗೋರು ತಾವು ಬಳಸಿದ ಸಾಮಾನು ಒಯ್ದರೆ ವಿನಾಯಿತಿ ಇದೆ:

- ಅಮೆರಿಕಾ: ಒಂದು ವರ್ಷ ಬಳಸಿದ ಮನೆ ಸಾಮಾನಿಗೆ ಸುಂಕ ಇಲ್ಲ. ಫಾರ್ಮ್ 3299 ತುಂಬಬೇಕು.
- ಬ್ರಿಟನ್: ಹೊರದೇಶದಲ್ಲಿ 12 ತಿಂಗಳು ಇದ್ದು, ಸಾಮಾನು 6 ತಿಂಗಳು ಬಳಸಿರಬೇಕು. ಅರ್ಜಿ ಮೊದಲೇ ಹಾಕಬೇಕು.
- ಆಸ್ಟ್ರೇಲಿಯಾ: 12 ತಿಂಗಳು ನಿಮ್ಮದಾಗಿರಬೇಕು. ಫಾರ್ಮ್ ಬಿ534.

ತವರಿನಿಂದ ಹೋಗೋ ಹೊಸ ತೊಟ್ಟಿಲು ಇದರಲ್ಲಿ ಬರೋದಿಲ್ಲ, ಅದು ಉಡುಗೊರೆ. ಬ್ರಿಟನ್ನಿನಲ್ಲಿ ಉಡುಗೊರೆಗೆ ವಿನಾಯಿತಿ 39 ಪೌಂಡ್ ಮಾತ್ರ. ಅಮೆರಿಕಾ 800 ಡಾಲರ್ ತನಕದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಹಾಗಂತ ಹೊಸದಕ್ಕೆ "ಹಳೇದು" ಅಂತ ಬರೆಸಬೇಡಿ. ಪೆಟ್ಟಿಗೆ ತೆಗೆದು ನೋಡಿದರೆ ಬಣ್ಣವೇ ಹೇಳುತ್ತೆ, ದಂಡ ಮಗಳ ಹೆಸರಿಗೆ ಬೀಳುತ್ತೆ.

ಏಜೆಂಟರನ್ನು ಕೇಳಬೇಕಾದ್ದು

ದರ ಕಡಿಮೆ ಹೇಳಿ ಹಡಗಿಗೆ ಹತ್ತಿಸ್ತಾರೆ, ಆ ಕಡೆ ಬಂದರಿನಲ್ಲಿ ಬೇರೆ ಬಿಲ್ಲು ಬರುತ್ತೆ. ಅದಕ್ಕೇ ಇವನ್ನು ಬರವಣಿಗೆಯಲ್ಲಿ ಇಸಕೊಳ್ಳಿ:

1. ದರ ಬಂದರಿನ ತನಕವೋ, ಮನೆ ಬಾಗಿಲ ತನಕವೋ?
2. ಆ ಕಡೆಯ ಬಂದರು ಖರ್ಚು, ಕಸ್ಟಮ್ಸ್ ಏಜೆಂಟರ ಫೀ, ತಪಾಸಣೆ ಫೀ ಇದರಲ್ಲಿ ಇದೆಯೋ ಇಲ್ಲವೋ?
3. ಎಷ್ಟು ದಿನ ಗೋದಾಮು ಉಚಿತ? ಆಮೇಲೆ ದಿನಕ್ಕೆ ಎಷ್ಟು?
4. ವಿಮೆ ಯಾವುದಕ್ಕೆ? ಮನೆಯವರೇ ಪ್ಯಾಕ್ ಮಾಡಿದ ಪೆಟ್ಟಿಗೆಯಲ್ಲಿ ಮುರಿದದ್ದಕ್ಕೆ ಸಾಮಾನ್ಯವಾಗಿ ವಿಮೆ ಸಿಗೋದಿಲ್ಲ.

ಪ್ಯಾಕ್ ಮಾಡೋ ಮುಂಚೆ ಪ್ರತಿ ತುಂಡಿನ ಫೋಟೋ ತೆಗೀರಿ. ಸಾಮಾನಿನ ಪಟ್ಟಿಯಲ್ಲಿ "ಫರ್ನಿಚರ್" ಅಂತಷ್ಟೇ ಬರೆದರೆ ಸಾಲದು. "ಸಾಗವಾನಿ ತೊಟ್ಟಿಲು, ಬಿಚ್ಚಿದ್ದು, 1" ಅಂತ ಬಿಡಿಸಿ ಬರೀರಿ.

ಅಂಗಡಿಕಾರರಿಗೆ

ಮನೆ ಬಳಕೆಗೆ ಕಳಿಸೋರಿಗೆ ರಫ್ತು ಕೋಡ್ ಬೇಡ. ಆದರೆ ಗಿರಾಕಿಗೆ ಮಾರಿ ವಿದೇಶಕ್ಕೆ ಕಳಿಸೋ ಫರ್ನಿಚರ್ ಅಂಗಡಿಯವರಿಗೆ ಐಇಸಿ ನಂಬರ್ ಬೇಕು. ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ ಪ್ಯಾನ್ ಮೇಲೆ ಸಿಗುತ್ತೆ, ಫೀ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್-ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ಇಲ್ಲಾಂದ್ರೆ ನಂಬರ್ ನಿಂತುಹೋಗುತ್ತೆ. ಸಣ್ಣ ಸಾಮಾನು ರಫ್ತು ಮಾಡೋರಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ. ಇನ್ನೊಂದು ಮಾತು: ಮಕ್ಕಳ ತೊಟ್ಟಿಲು ಮಾರೋಕೆ ಅಮೆರಿಕಾದಂಥ ದೇಶಗಳಲ್ಲಿ ಬೇರೆಯೇ ಸುರಕ್ಷತಾ ನಿಯಮ ಇವೆ. ಆರ್ಡರ್ ಹಿಡಿಯೋ ಮುಂಚೆ ಗಿರಾಕಿಯನ್ನೇ ಕೇಳಿ ತಿಳಿದುಕೊಳ್ಳಿ.

ಸುಂಕ, ಫಾರ್ಮು ಆಗಾಗ ಬದಲಾಗ್ತಾ ಇರುತ್ತವೆ. ಕಳಿಸೋ ವಾರ ಆ ದೇಶದ ಕಸ್ಟಮ್ಸ್ ವೆಬ್‌ಸೈಟ್ ನೋಡೋಕೆ ಅಲ್ಲಿರೋ ಮಕ್ಕಳಿಗೇ ಹೇಳಿ.

ನಮ್ಮ ಮಾವನ ಮನೆಯಲ್ಲಿ ಈಗ ಎರಡನೇ ಮಗಳು ಬಸುರಿ, ಇರೋದು ದುಬೈನಲ್ಲಿ. ಈ ಸಲ ಬಡಿಗೇರರಿಗೆ ಐದನೇ ತಿಂಗಳಲ್ಲೇ ಹೇಳಿ ಬಂದಾರೆ. ಪೆಟ್ಟಿಗೆ ಪ್ಲೈವುಡ್ಡಿಂದು.